ಮಾವನವರ ಮೋಟಾರು, ನನ್ನ ಮರಳಿನ ಬಕೆಟ್ಟು

ಮತ್ತೆ ಕರೆ ಬಂತು. ಕೂಸನ್ನು ತೊಟ್ಟಿಲಿಗೆ ಹಾಕಿ, ಪೆನ್ನಿನ ಟೊಪ್ಪಿಗೆ ತೆಗೆದಿದ್ದೆ ಅಷ್ಟೇ. "ಬೆಂಕಿ! ಬೆಂಕಿ!" ಎಂದು ಮಾವನವರು ಕೂಗಿದರು. ಮರಳಿನ ಬಕೆಟ್ಟು ಎತ್ತಿಕೊಂಡು ಓಡಿದೆ. ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ. ಮಾವನವರು ಅಡುಗೆಮನೆಯ ಹೊಸ್ತಿಲ ಹತ್ತಿರ ಸ್ಟೂಲು ಹಾಕಿಕೊಂಡು ಕೂತು ಗಡಿಯಾರ ನೋಡುತ್ತಿದ್ದರು.

"ನಿನ್ನಿಗಿಂತ ತಡಾ ಆತಲ್ಲವಾ ತಂಗಿ."

"ಬೆಂಕಿನೇ ಇನ್ನೂ ಬಂದಿಲ್ಲ ರೀ ಮಾವನೋರ. ಅದಕ್ಕಿಂತ ನಾನೇ ಮೊದ್ಲು ಬಂದೀನಿ."

ಈ ಮನೆಯಲ್ಲಿ ಒಂದು ಸಾಲು ನೆಟ್ಟಗೆ ಬರೆಯುವುದಕ್ಕೆ ಬಿಡುವುದಿಲ್ಲ. ಆದರೆ ಬರೆಯುವುದಕ್ಕೆ ಬೇಕಾದದ್ದು ಮಾತ್ರ ದಿನಾ ನಡೆಯುತ್ತದೆ. ಮೊದಲು ಬೆಂಕಿ ಆರಿಸುವ ಈ ತಾಲೀಮೆಲ್ಲ ಹಿತ್ತಲಿನಲ್ಲಿ ಆಗುತ್ತಿತ್ತು. ಅದು ಅಡುಗೆಮನೆಗೆ ಹೇಗೆ ಬಂತು ಎಂಬುದನ್ನು ಕಡೆಗೆ ಹೇಳುತ್ತೇನೆ.

ಮಾವನವರು ನಾರಾಯಣಪೇಟೆಯ ತಹಸೀಲು ಕಚೇರಿಯಲ್ಲಿ ಕಾಗದಪತ್ರ ನೋಡುವ ಪೇಶ್ಕಾರರಾಗಿದ್ದವರು. ನಿಜಾಮರ ರಾಜ್ಯದ ಮೇಲೆ ಪೊಲೀಸ್ ಆಕ್ಷನ್ ಆದಾಗ ಒಬ್ಬ ಜಾಗೀರದಾರ ಸಾಹೇಬರು ಊರು ಬಿಟ್ಟು ಹೊರಟರು. ಹೊರಡುವಾಗ ತಮ್ಮ ತಂದೆಯ ಕಾಲದ ಮೋಟಾರು ಕಾರನ್ನು ಇವರ ಕೈಗೆ ಒಪ್ಪಿಸಿ, "ಪೇಶ್ಕಾರ್ ಸಾಬ್, ಅಮಾನತ್ ಹೈ" ಎಂದರು. ಅಮಾನತ್ತು ಎಂದರೆ ಕಾಪಾಡಲು ಕೊಟ್ಟದ್ದು. ಕೇಳಿದ ದಿನ ಇದ್ದ ಹಾಗೆಯೇ ತಿರುಗಿ ಕೊಡಬೇಕು. ಮಾವನವರು ದನದ ಕೊಟ್ಟಿಗೆ ಖಾಲಿ ಮಾಡಿಸಿ, ಅಲ್ಲಿ ಮೋಟಾರು ನಿಲ್ಲಿಸಿ, ತಾವೇ ರಿಪೇರಿ ಮಾಡಲು ಕೂತರು.

ಕೊಟ್ಟಿಗೆಯ ಒಂದು ಗೋಡೆಯಾಚೆ ನನ್ನ ಕೂಸಿನ ತೊಟ್ಟಿಲು. ಇನ್ನೊಂದು ಗೋಡೆಯಾಚೆ ಪಕ್ಕದ ಮನೆ ನೇಕಾರ ಯಜಮಾನರ ಮಗ್ಗ, ನೂಲು, ನೇಯ್ದ ಸೀರೆ. ಯಜಮಾನರು ಓಣಿಯ ಹಿರಿಯರನ್ನು ಕರೆದುಕೊಂಡು ಬಂದರು.

"ಮೋಟಾರ ಇರ್ಲಿ ರೀ ಪೇಶ್ಕಾರ್ರ. ಆದ್ರ ನಿಮ್ಮ ಮನ್ಯಾಗ ಒಮ್ಮಿ ಬೆಂಕಿ ಎದ್ದಿತಂದ್ರ, ಯಾವುದರಿಂದ ಎದ್ದಿತೋ ಅದು ಈ ಓಣಿ ದಾಟಬೇಕು."

ಮಾವನವರು ತುಳಸಿಕಟ್ಟೆ ಮುಟ್ಟಿ ಒಪ್ಪಿದರು. ಅಂದಿನಿಂದ ಬಂದೋಬಸ್ತು ಶುರುವಾಯಿತು. ಪೆಟ್ರೋಲಿನ ಡಬ್ಬಿ ದೂರದ ಬೇವಿನ ಬುಡದ ಗುಂಡಿಯಲ್ಲಿ. ಎಣ್ಣೆ ಒರೆಸಿದ ಅರಿವೆ ಮುಚ್ಚಳವಿದ್ದ ಕಬ್ಬಿಣದ ಪೆಟ್ಟಿಗೆಯಲ್ಲಿ. ಕೃಷ್ಣಾ ದಂಡೆಯಿಂದ ಗಾಡಿಯಲ್ಲಿ ತರಿಸಿದ ಮರಳು ಬಕೆಟ್ಟುಗಳಲ್ಲಿ. ಕೊಟ್ಟಿಗೆಯಲ್ಲಿ ಕಂದೀಲು ಹಚ್ಚುವ ಹಾಗಿಲ್ಲ. ಹೊತ್ತು ಮುಳುಗಿದರೆ ಕೆಲಸ ಬಂದ್. ದಿನಕ್ಕೊಮ್ಮೆ ‘ಬೆಂಕಿ’ ಎಂದು ಸುಳ್ಳೇ ಕೂಗಿ ಹಿತ್ತಲಿನಲ್ಲಿ ತಾಲೀಮು. ನಾನು ಎಷ್ಟು ನಕ್ಕರೂ ಒಂದು ಮಾತು ಖರೆ: ಆ ಗೋಡೆಯ ಈಚೆ ಕೂಸು ನೆಮ್ಮದಿಯಿಂದ ಮಲಗುತ್ತಿತ್ತು, ನಾನೂ ಮಲಗುತ್ತಿದ್ದೆ.

ಹಲಗೆ

"ಹತ್ತನೇ ತನಕ ಓದಿದ ಸೊಸಿ ಇದ್ದು ಏನು ಬಂತು?" ಎಂದು ಮಾವನವರು ನನ್ನಿಂದ ಒಂದು ಹಲಗೆ ಬರೆಸಿದರು. ಕನ್ನಡ, ತೆಲುಗು, ಉರ್ದು ಮೂರರಲ್ಲೂ: "ಇಲ್ಲಿ ಬೆಂಕಿ ತರಬಾರದು." ಅದನ್ನು ಕೊಟ್ಟಿಗೆ ಬಾಗಿಲಿಗೆ ಹೊಡೆದರು.

ಅದೇ ಸಂಜೆ ಮುಸುಕಿನಲ್ಲಿ ನೋಡಿದರೆ ಬಾಗಿಲ ಮುಂದೆ ಬೆಳಕು! ಮಾವನವರು ಬಕೆಟ್ಟು ಹಿಡಿದು ಹಾರಿದರು. ಹಲಗೆಯ ಕೆಳಗೆ ನೇಕಾರ ಯಜಮಾನರು ಉರಿಯುವ ಕಡ್ಡಿ ಹಿಡಿದು ನಿಂತಿದ್ದರು.

"ಏನ್ರೀ ಇದು ಯಜಮಾನ್ರ!"

"ಕತ್ತಲದಾಗ ಏನ್ ಬರದೈತಂತ ಕಾಣ್ಬೇಕಲ್ರೀ? ಓದಿ ಮುಗದಿಂದ ಆರಸ್ತೀನಿ ತಡೀರಿ. ಇನ್ನೂ ಉರ್ದು ಐತಿ."

ಬೇವಿನ ಬುಡ

ಆಗ ಬಂದೂಕು ಹೂತಿಟ್ಟವರಿದ್ದಾರೆಂದು ಹೊಸ ಸರಕಾರದವರು ಮನೆಮನೆ ಹುಡುಕುತ್ತಿದ್ದ ಕಾಲ. ಪೇಶ್ಕಾರರು ಬೇವಿನ ಬುಡದಲ್ಲಿ ಏನೋ ಡಬ್ಬಿ ಹೂತಿದ್ದಾರೆಂದು ಯಾರೋ ಪುಣ್ಯಾತ್ಮರು ಹೇಳಿಬಂದರು. ತೆಲುಗು ಮಾತಾಡುವ ಹೊಸ ಅಧಿಕಾರಿಯೊಬ್ಬರು ಇಬ್ಬರು ಬಂದೂಕಿನ ಜವಾನರನ್ನು ಕಟ್ಟಿಕೊಂಡು ಬಂದರು. ಅತ್ತೆಯವರು ಒಳಗೆ ನಿಂತು ಮಂತ್ರಾಲಯದ ರಾಯರಿಗೆ ಹರಕೆ ಹೊತ್ತರು. ಮಾವನವರು ಬಾಗಿಲಲ್ಲೇ ಅಂಗೈ ಚಾಚಿದರು.

"ಅಗ್ಗಿಪೆಟ್ಟೆ ಇಕ್ಕಡ ಪೆಟ್ಟಂಡಿ. ಕಡ್ಡಿಪೆಟ್ಟಿಗಿ ಇಲ್ಲಿಟ್ಟು ಒಳಗ ಬರ್ರಿ."

ಅಧಿಕಾರಿ ನಕ್ಕು ಕೊಟ್ಟರು. ಗುಂಡಿ ಅಗೆದರು, ಡಬ್ಬಿ ಬಂತು. ಮುಚ್ಚಳ ತೆಗೆದು ಮೂಸಿದರೆ ಪೆಟ್ರೋಲು. ಬಂದೂಕು ಇಲ್ಲವೆಂಬ ಸಮಾಧಾನಕ್ಕೆ ಆ ಮಹಾನುಭಾವರು ಸಿಗರೇಟು ತುಟಿಗಿಟ್ಟು, ಇನ್ನೊಂದು ಜೇಬಿನಿಂದ ಲೈಟರು ತೆಗೆದರು. ಅದು ಚಿಟಕ್ ಅನ್ನುವ ಮೊದಲೇ ಮಾವನವರು ಒಂದು ಬಕೆಟ್ಟು ಮರಳನ್ನು ಅವರ ಕೈಮೇಲೆ ಸುರಿದುಬಿಟ್ಟರು.

ಜವಾನರು ಬಂದೂಕು ಎತ್ತಿದರು. ಅಧಿಕಾರಿ ಡಬ್ಬಿ ನೋಡಿದರು, ಲೈಟರು ನೋಡಿದರು, ಬೆವರು ಒರೆಸಿಕೊಂಡು ಮಾವನವರಿಗೆ ಕೈಮುಗಿದರು. ಹೊರಡುವಾಗ ಮಾವನವರು ಕಡ್ಡಿಪೆಟ್ಟಿಗೆ ತಿರುಗಿ ಕೊಟ್ಟು, ಲೈಟರನ್ನು ಮಾತ್ರ ಗೋಡೆಯ ಗೂಡಿನಲ್ಲಿಟ್ಟರು.

"ಮುಚ್ಚಿಟ್ಟು ಒಳಗ ತಂದದ್ದು, ಇದು ಜಪ್ತಿ."

ನಮ್ಮ ಮನೆ ಜಪ್ತಿ ಮಾಡಲು ಬಂದವರು, ತಮ್ಮ ಮಾಲು ಜಪ್ತಿ ಮಾಡಿಸಿಕೊಂಡು ಹೋದರು.

ಮಕ್ತಲದ ದಾರಿ

ನನ್ನ ತವರು ಮಕ್ತಲ. ನಿಂತಲ್ಲೇ ನಿಂತರೆ ಮೋಟಾರು ಕೆಡುತ್ತದೆಂದು, ತಮ್ಮನ ಮದುವೆಗೆ ಅದರಲ್ಲೇ ಹೋಗುವುದೆಂದಾಯಿತು. ನನ್ನ ಗಂಡ ಹ್ಯಾಂಡಲು ತಿರುವಿ ತಿರುವಿ ಅರ್ಧ ಆದಮೇಲೆ ಅದು ಕೆಮ್ಮಿ ಎದ್ದಿತು. ಕೂಸು ಅತ್ತೆಯವರ ತೊಡೆಯ ಮೇಲೆ. ನನ್ನ ತೊಡೆಯ ಮೇಲೆ ಮರಳಿನ ಬಕೆಟ್ಟು.

"ಕೆಳಗ ಇಡ್ತೀನಲ್ರೀ ಮಾವನೋರ."

"ಕೆಳಗಿಟ್ರ ಕೈಗೆ ಸಿಗೂದು ತಡಾ ಆಗ್ತದವಾ."

ರೇಷ್ಮೆ ಸೀರೆ ಉಟ್ಟು, ಮಕ್ತಲದ ತನಕ ಆ ಬಕೆಟ್ಟನ್ನು ಬಸುರಿಯ ಹಾಗೆ ಹೊತ್ತು ಇಳಿದೆ. ಬೀಗರೆಲ್ಲ ಮೋಟಾರು ನೋಡಲು ನೆರೆದಿದ್ದರು. ನನ್ನ ಅವ್ವ ಬಂದು ನನ್ನ ಮಡಿಲು ನೋಡಿ ಹಣೆ ಬಡಿದುಕೊಂಡಳು.

"ನಾನು ಉಡಿಯೊಳಗ ಅಕ್ಕಿ ತುಂಬಿ ಕಳಿಸಿದ್ನಲ್ಲೇ ನಿನ್ನ! ಅವರು ಮರಳು ತುಂಬಿ ಕಳಿಸ್ಯಾರಲ್ಲ!"

ಕರಿಗಡಬು

ಮಹಾನವಮಿ ಬಂತು. ಮೋಟಾರಿಗೆ ಆಯುಧಪೂಜೆ ಆಗಲೇಬೇಕೆಂದು ಅತ್ತೆಯವರ ಹಟ. ಕರ್ಪೂರ ಕೊಟ್ಟಿಗೆಯೊಳಗೆ ಬರಬಾರದೆಂದು ಮಾವನವರ ಹಟ. ಕಡೆಗೆ ಮೋಟಾರಿನ ಪೆಟ್ರೋಲೆಲ್ಲ ಬಸಿದು, ಅದನ್ನು ಓಣಿಯ ನಡುವೆ ತಳ್ಳಿ ನಿಲ್ಲಿಸಿದರು. ಸುತ್ತ ಮರಳಿನ ಬಕೆಟ್ಟು, ನೀರಿನ ಕೊಡ. ಆರತಿ ನೋಡಲು ಇಡೀ ಓಣಿ ಬಂತು. ಮಡಿಯುಟ್ಟು ಕರಿಗಡಬು ಕರಿಯುತ್ತಿದ್ದ ಅತ್ತೆಯವರೂ ಬಾಣಲೆಯನ್ನು ಒಲೆಯ ಮೇಲೇ ಬಿಟ್ಟು ಬಾಗಿಲಿಗೆ ಬಂದು ನಿಂತರು.

ಆರತಿ ಮುಗಿಯಿತು. ಅತ್ತೆಯವರು ಒಳಗೆ ಹೋದವರೇ, "ಬೆಂಕಿ! ಬೆಂಕಿ!" ಎಂದು ಚೀರಿದರು.

ಜನ ನಕ್ಕರು. "ಪೇಶ್ಕಾರ್ರ ತಾಲೀಮು ಅಮ್ಮೋರಿಗೂ ಹತ್ತೇತಿ ನೋಡ್ರಿ" ಎಂದರು ಯಜಮಾನರು.

ನಗದೆ ಓಡಿದವರು ಮಾವನವರೊಬ್ಬರೇ. ಹಿಂದೆ ನಾನು. ಬಾಣಲೆಯ ಎಣ್ಣೆ ಧಗಧಗ ಉರಿಯುತ್ತಿತ್ತು. ಜ್ವಾಲೆ ಜಂತೆಗೆ ಗೇಣು ದೂರ. ಹೊಸ್ತಿಲಲ್ಲಿ ಅತ್ತೆಯವರು ಎರಡೂ ಕೈ ಅಡ್ಡ ಚಾಚಿ ನಿಂತಿದ್ದರು.

"ಮೈಲಿಗ್ಯಾಗ ಬರಬ್ಯಾಡ್ರಿ! ನೈವೇದ್ಯದ ಅಡಗಿ ಅದ!"

ಬೇರೆಯವರಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದರು. ಮಾವನವರು ಪಕ್ಕದಲ್ಲಿದ್ದ ನೀರಿನ ಕೊಡ ಎತ್ತಿ ತಮ್ಮ ತಲೆಯ ಮೇಲೇ ಸುರಿದುಕೊಂಡರು. ಪೇಟ, ಅಂಗಿ, ಧೋತರ ಎಲ್ಲ ತೊಯ್ದು ತೊಪ್ಪೆ.

"ಈಗ ಒದ್ದಿ ಮಡಿ. ಸರಿ ಆಚೀಗೆ!"

"ಆ ಮರಳು?"

"ಕೃಷ್ಣಾ ಹೊಳೀದು!"

ಅತ್ತೆಯವರು ಸರಿದರು. ಅಷ್ಟರಲ್ಲಿ ಯಜಮಾನರು ಕೊಡ ಹಿಡಿದು ಓಡಿಬಂದರು. "ನೀರು ಹಾಕಬ್ಯಾಡ್ರಿ! ಎಣ್ಣಿ ಸಿಡದು ಮನೀನೇ ಹತ್ತತದ!" ಎಂದು ಅವರನ್ನು ತಡೆದು, ಮಾವನವರು ದೊಡ್ಡ ಹಿತ್ತಾಳೆ ಪರಾತವನ್ನು ಬಾಣಲೆಯ ಮೇಲೆ ಮೆಲ್ಲಗೆ ಸರಿಸಿ ಮುಚ್ಚಿದರು, ಒಲೆಗೆ ಮರಳು ಸುರಿದರು. ಬೆಂಕಿ ಉಸಿರು ಕಟ್ಟಿ ಸತ್ತಿತು. ಗೋಡೆಗೆ ಮಸಿ ಹತ್ತಿದ್ದು ಬಿಟ್ಟರೆ ಏನೂ ಹಾನಿಯಿಲ್ಲ. ಅಷ್ಟು ದಿನ ನಕ್ಕಿದ್ದ ನಾನು ಅವರ ಕಾಲು ಮುಟ್ಟಿದೆ.

ನೀರು ತೊಟ್ಟಿಕ್ಕುತ್ತಾ ಮಾವನವರು ಯಜಮಾನರ ಕಡೆ ತಿರುಗಿದರು. ಮುಖ ಸಣ್ಣದಾಗಿತ್ತು. "ತುಳಸಿ ಮುಟ್ಟಿ ಹೇಳೀನಿ. ಮನ್ಯಾಗ ಬೆಂಕಿ ಎದ್ದದ. ಹೇಳ್ರಿ, ಮೋಟಾರ ಎಲ್ಲಿಗೆ ಒಯ್ಯಲಿ?"

ಯಜಮಾನರು ಓಣಿಯಲ್ಲಿ ಮಾಲೆ ಹಾಕಿಕೊಂಡು ತಣ್ಣಗೆ ನಿಂತ ಮೋಟಾರು ನೋಡಿದರು. ಮಸಿ ಹಿಡಿದ ಅಡುಗೆಮನೆ ನೋಡಿದರು.

"ಮೋಟಾರ ಏನ್ ಮಾಡೇತ್ರೀ ಪಾಪ? ಮಾತು ಅಂದ್ರ ಮಾತು. ಯಾವುದರಿಂದ ಎದ್ದಿತೋ ಅದು ಓಣಿ ದಾಟಬೇಕು." ಎಂದು ಅತ್ತೆಯವರ ಕಡೆ ನೋಡಿ, ಹೆದರಿ, ತಟ್ಟನೆ ನೆಲ ನೋಡಿದರು.

ಓಣಿಯೆಲ್ಲ ನಕ್ಕಿತು. ಅತ್ತೆಯವರು ನಗಲಿಲ್ಲ. ಮೋಟಾರನ್ನು ಒಳಗೆ ತಳ್ಳಿಸಿದ ಮೇಲೆ ನನ್ನ ಪಕ್ಕ ಬಂದು ಕೂತು, ಕರಕಲಾದ ಕರಿಗಡಬೊಂದನ್ನು ಕೈಯಲ್ಲಿ ಹಿಡಿದು ತಿರುವುತ್ತಾ ಕೇಳಿದರು:

"ನೀ ಓದಿದಾಕಿ, ಖರೆ ಹೇಳವಾ. ನಿಮ್ಮ ಮಾವ ಇಷ್ಟು ದಿನ ಆ ಹಲಗಿ ಬಡಿಬೇಕಾಗಿದ್ದು ಮೋಟಾರಿನ ಬಾಗಲಕ್ಕೋ, ನನ್ನ ಬಾಗಲಕ್ಕೋ?"