ಏಳನೆಯ ನಂಬರಿನ ಕೂಸು

ಎಲ್ಲ ರಗಳೆಗೂ ಕಾರಣ ಒಂದು ಖಾಲಿ ಜಾಗ. ಕಿವಿ ಮಂದವಾದವರ ಶ್ರವಣ ಸಾಧನಕ್ಕೆಂದು ನಮ್ಮ ಜಿಪುಣ ಪುಟ್ಟದೊಂದು ಪ್ರೊಸೆಸರ್ ರೂಪಿಸಿದ್ದ. ಅದರಲ್ಲಿ ‘ಕೂಡು’, ‘ಕಳೆ’ ಎಂಬಂಥ ಮೂವತ್ತೆರಡು ಆಜ್ಞೆಗಳಿಗಷ್ಟೇ ಜಾಗ. ಒಂದು ಹೆಚ್ಚಾದರೂ ಚಿಪ್ ಉಬ್ಬಿ ಕಿವಿಯೊಳಗೆ ಕೂರದು. ಮೂವತ್ತೊಂದು ತುಂಬಿದ್ದವು. ಆಫೀಸಿನವರಿಟ್ಟ ‘ಜಿಪುಣ’ ಎಂಬ ಹೆಸರನ್ನು ಆತ ಬಿರುದಿನಂತೆ ಹೊತ್ತು ಮೆರೆಯುತ್ತಿದ್ದ. ಸಂಜೆ ಪರೀಕ್ಷಿಸಲು ಬರುವ ಗಿರಾಕಿ ಒಪ್ಪಿದರೆ ಪ್ರತಿ ಚಿಪ್‌ನ ಮೇಲೂ ಅವನ ಸಹಿ ಕೊರೆಸುವುದಾಗಿ ಮ್ಯಾನೇಜರು ಮಾತು ಕೊಟ್ಟಿದ್ದರು.

“ಗುಣಾಕಾರಕ್ಕೊಂದು ಆಜ್ಞೆ ಕೊಡೋ ಪುಣ್ಯಾತ್ಮ,” ಎಂದು ಪ್ರೋಗ್ರಾಮ್ ಬರೆಯುವ ಅಕ್ಕ ಬೆಳಿಗ್ಗೆಯೇ ಬಂದಳು. “ಕೂಡಿಸಿ ಕೂಡಿಸಿ ನನ್ನ ಪ್ರೋಗ್ರಾಮು ಮಾರುದ್ದ ಆಗಿದೆ.”

“ಯಾವ ಆಜ್ಞೆ ಎಷ್ಟು ಸಲ ಬೇಕಾಗುತ್ತೆ, ಎಣಿಸ್ಕೊಂಡು ಬಾ ಅಕ್ಕಾ. ಇಲ್ಲಿ ಶಿಫಾರಸು ನಡೆಯಲ್ಲ. ದುಡಿಯೋರಿಗೆ ಮಾತ್ರ ಜಾಗ!”

ಆಮೇಲೆ ಬ್ಯಾಟರಿ ವಿಭಾಗದ ಹಿರಿಯರು, ಎಲ್ಲರ ಬಾಯಲ್ಲೂ ‘ಬ್ಯಾಟರಿ ಮಾವ’, ಇಣುಕಿದರು. “ಕೆಲಸ ಇಲ್ಲದಾಗ ಚಿಪ್ ಮಲಗೋಕೆ ಒಂದು ಆಜ್ಞೆ ಇಡಪ್ಪ.”

“ಮಲಗೋದೇ? ನನ್ನ ಚಿಪ್ ಸೋಮಾರಿ ಅಲ್ಲ ಮಾವಾ!”

ಮಧ್ಯಾಹ್ನ ಅಕ್ಕ ಪಟ್ಟಿ ತಂದಳು. ಗುಣಾಕಾರ ನಿಮಿಷಕ್ಕೆ ಅರವತ್ತು ಸಾವಿರ ಸಲ ಬೇಕಿತ್ತು. ಜಿಪುಣ ದಾನಶೂರನ ಗತ್ತಿನಲ್ಲಿ ಕೊನೆಯ ಜಾಗ ಕೊಟ್ಟುಬಿಟ್ಟ.

ನಾಲ್ಕಕ್ಕೆ ಗಿರಾಕಿ ಹೆಂಗಸು, ತಾವೂ ಕಿವಿ ಮಂದವಾದವರೇ, ಮಾದರಿ ಸಾಧನವನ್ನು ಕಿವಿಗಿಟ್ಟುಕೊಂಡರು. “ಅಬ್ಬಾ, ಪಕ್ಕದ ಕೋಣೆಯ ಪಿಸುಮಾತೂ ಕೇಳುತ್ತೆ!” ಜಿಪುಣನ ಎದೆ ಉಬ್ಬಿತು. ಮರುಗಳಿಗೆ ಆಕೆ, “ಏನಂದ್ರಿ? ಜೋರಾಗಿ ಹೇಳಿ!” ಎಂದು ಕೂಗಿದರು.

“ಬೆಳಿಗ್ಗೆ ಹಾಕಿದ ಬ್ಯಾಟರಿ, ಆಗಲೇ ಖಾಲಿ!” ಎಂದರು ಮಾವ. “ಕೆಲಸ ಇಲ್ಲದಾಗಲೂ ನಿನ್ನ ಶೂರ ಚಿಪ್ ಗಿರಗಿರ ಸುತ್ತುತ್ತಾ ಇತ್ತಲ್ಲಪ್ಪ!”

“ಮಲಗೋ ಆಜ್ಞೆ ಸೇರಿಸಿ, ಈಗಲೇ ಒಪ್ಕೋತೀನಿ,” ಎಂದರು, ಹೊಸ ಬ್ಯಾಟರಿ ಹಾಕಿಸಿಕೊಂಡು ಮಾವನ ಸಲಹೆ ಕೇಳಿದ ಗಿರಾಕಿ.

ಸೇರಿಸಬೇಕಾದರೆ ಒಂದು ಆಜ್ಞೆ ಹೊರಡಲೇಬೇಕು. ಅಕ್ಕ ಪಟ್ಟಿ ಹರಡಿದಳು. ಎಲ್ಲವೂ ಸಾವಿರಗಟ್ಟಲೆ ದುಡಿದಿದ್ದವು. ಏಳನೆಯದರ ಮುಂದೆ ಮಾತ್ರ ಸೊನ್ನೆ. ಅದು ಜಿಪುಣನೇ ಕಂಡುಹಿಡಿದು, ಹೆಂಡತಿಯ ತವರಿನಲ್ಲೂ ವರ್ಣಿಸಿ ಹೇಳಿದ್ದ ಆಜ್ಞೆ.

“ಎಣಿಸೋದ್ರಲ್ಲಿ ತಪ್ಪಿರಬಹುದು,” ಎಂದ ಜಿಪುಣ.

“ದುಡಿಯೋರಿಗೆ ಮಾತ್ರ ಜಾಗ ಅಂದಿದ್ದು ಯಾರಪ್ಪ?” ಎಂದಳು ಅಕ್ಕ.

ಜಿಪುಣ ತನ್ನ ಕೂಸನ್ನು ತಾನೇ ಹೊಡೆದುಹಾಕಿದ. ಆಮೇಲೆ ತಲೆಯೆತ್ತಿ ನಿಂತ. “ನೋಡಿದ್ರಾ! ನನ್ನ ನಿಯಮ ನನ್ನನ್ನೂ ಬಿಡಲಿಲ್ಲ!”

“ಭೇಷ್!” ಎಂದು ಮ್ಯಾನೇಜರು ಬೆನ್ನು ತಟ್ಟಿದರು. ಆಮೇಲೆ ಚಿಪ್‌ನ ನಕ್ಷೆಯತ್ತ ಬಾಗಿ, ಅದರ ಮೂಲೆಯಲ್ಲಿದ್ದ ಅವನ ಸಹಿಯ ಮೇಲೆ ಪೆನ್ಸಿಲ್ ಇಟ್ಟರು.

“ಅಂದಹಾಗೆ, ಇದು ಎಷ್ಟು ಸಲ ಬೇಕಾಗುತ್ತೆ?”