ಹೊಕ್ಕಳುಬಳ್ಳಿ ಬೇಡುವ ಅತ್ತೆ

ಅಕ್ಕಲಕೋಟೆಯಲ್ಲಿ ಯಾರು ಹೆತ್ತರೂ ಊರವರೆಲ್ಲ ಕೂಸನ್ನು ನೋಡಲು ಓಡಿದರೆ, ನನ್ನ ಸೋದರತ್ತೆ ಅದರ ಹೊಕ್ಕಳುಬಳ್ಳಿಗಾಗಿ ಓಡುತ್ತಿದ್ದಳು. ಗಂಡೋ ಹೆಣ್ಣೋ ಎಂದು ಅವಳು ಕೇಳಿದ್ದನ್ನು ನಾನಂತೂ ಕಾಣೆ!

ತೊಂಬತ್ತರ ದಶಕದ ಮಾತು. ಅತ್ತೆ ಸೊಲ್ಲಾಪುರದ ಪ್ರಯೋಗಾಲಯವೊಂದರಲ್ಲಿ ಸಂಶೋಧಕಿ. ಬಳ್ಳಿಯ ರಕ್ತನಾಳದ ಒಳಗೋಡೆಯಿಂದ ಜೀವಕೋಶಗಳನ್ನು ಬಿಡಿಸಿ ಗಾಜಿನ ತಟ್ಟೆಯಲ್ಲಿ ಬೆಳೆಸುತ್ತಿದ್ದಳು. ತಾಜಾ ಬಳ್ಳಿ ಸಿಗದಿದ್ದರೆ ಕೆಲಸವೇ ನಿಂತಂತೆ. ನಮ್ಮಲ್ಲೋ, ಬಳ್ಳಿಯನ್ನು ಮನೆಯ ಹಿರಿಯಳು ಅರಿಸಿನ ಹಚ್ಚಿ ಹುಗಿಯಬೇಕು, ಪರರ ಕೈಗೆ ಹೋಗಕೂಡದು. ಮಾಟ ಮಾಡುವವಳೆಂದು ನಾಗಣಸೂರಿನ ಮುದುಕಿಯೊಬ್ಬಳು ಅವಳನ್ನು ಹೆರಿಗೆ ವಾರ್ಡಿನಿಂದ ಅಟ್ಟಿದಳು. ಅತ್ತೆ ಬಾಗಿಲಲ್ಲೇ ಕುಳಿತು ಪಾಠ ಶುರುಮಾಡಿದಳು.

"ರಕ್ತದ ನಳಿಗಿ ಗ್ವಾಡ್ಯಾಗ ಒಂದು ಪ್ರೋಟೀನು ಇರ್ತದ, ಆಯಿ. ನಿಮ್ಮ ಕುರಿಹಟ್ಟಿ ನಾಯಿ ಇದ್ದಂಗ. ಸುಮ್ನಿದ್ದಾಗ ಹೊರಗ ಕಟ್ಟಿರ್ತದ. ಗಾಯ ಆತಂದ್ರ ಹಗ್ಗ ಬಿಚ್ಚತದ, ಕೋಶದ ನಡುಮನಿಗಿ ಹೋಗಿ ಜೀನುಗಳನ್ನ ಎಬ್ಬಸ್ತದ. ಆವಾಗ ಉರಿ, ಬಾವು."

"ತಿರುಗಿ ಕಟ್ಟಾವ್ರು ಯಾರು?"

"ಅದನ್ನ ನೋಡಾಕನ ಬಳ್ಳಿ ಬೇಕ್ರಿ."

ಬಳ್ಳಿ ಸಿಕ್ಕಿತು. ಮಂಜುಗಡ್ಡೆ ತುಂಬಿದ ಥರ್ಮಾಸಿನಲ್ಲಿಟ್ಟು ಬಸ್ಸು ಹತ್ತಿದರೆ ಪಕ್ಕದವನು, "ಬಾಯಾರ, ಚಹಾ ಅದ ಏನ್ರಿ?" ಎಂದ. ಅತ್ತೆಗೆ ಸುಳ್ಳು ಬಾರದು. ಇದ್ದದ್ದನ್ನು ಹೇಳಿದಳು. ಸೊಲ್ಲಾಪುರದವರೆಗೂ ಇಡೀ ಸೀಟಿನಲ್ಲಿ ಕಾಲು ಚಾಚಿ ಕುಳಿತು ಹೋದಳು. ಇದನ್ನು ನಾನು ಸಿಕ್ಕವರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ.

ಅಜ್ಜಿಗೆ ಮಾತ್ರ ಮಗಳ ಮೇಲೆ ಸಿಟ್ಟು. "ಲಗ್ನ ಒಲ್ಲೆ ಅಂದಿ. ಈಗ ಮಂದಿ ಬಳ್ಳಿ ಬೇಡ್ಕೋತ ತಿರಗಾಕತ್ತಿ" ಎಂದು ಬೈಯುತ್ತಿದ್ದಳು.

ಮುಂದೆ ಒಮ್ಮೆ ತಿಂಗಳುಗಟ್ಟಲೆ ಒಂದು ಬಳ್ಳಿಯೂ ಸಿಗಲಿಲ್ಲ. ತಟ್ಟೆಯಲ್ಲಿದ್ದ ಕೋಶಗಳು ಮುದಿಯಾಗಿ ಸಾಯತೊಡಗಿದವು. ಆಗಲೇ ನನಗೆ ಹೆರಿಗೆಯಾಯಿತು. ಅತ್ತೆ ಬಂದವಳು ಕೂಸನ್ನು ನೋಡಿದಳು, ನನ್ನ ತಲೆ ಸವರಿದಳು, ಬಳ್ಳಿಯ ಸುದ್ದಿಯನ್ನೇ ಎತ್ತಲಿಲ್ಲ. ಸ್ಟೀಲ್ ಡಬ್ಬಿ ಹಿಡಿದು ಅಜ್ಜಿಯೇ ಎದುರು ಬಂದಳು.

"ಹಿಡಿ. ಊರ ಮಂದಿ ಕೊಟ್ಟಾರ, ನಮ್ಮ ಮನೀದು ಯಾಕ ಬ್ಯಾಡ?"

ಅತ್ತೆ ಡಬ್ಬಿಯನ್ನು ಎದೆಗೊತ್ತಿಕೊಂಡು ಅತ್ತಳು.

ಮೂರು ವಾರದ ನಂತರ ಕೂಸನ್ನು ಡಾಕ್ಟರರಿಗೆ ತೋರಿಸಲು ಸೊಲ್ಲಾಪುರಕ್ಕೆ ಹೋದಾಗ ಪ್ರಯೋಗಾಲಯಕ್ಕೂ ಹೋದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತಟ್ಟೆಗಳ ತುಂಬ ನಮ್ಮ ಬಳ್ಳಿಯ ಕೋಶಗಳು ಹಾಸುಗಲ್ಲಿನಂತೆ ಒತ್ತಾಗಿ ಕೂಡಿಕೊಂಡಿದ್ದವು. ಜಾಗ ತುಂಬಿದ ಮೇಲೆ ಅವು ಬೆಳೆಯುವುದನ್ನು ನಿಲ್ಲಿಸಿ ಶಾಂತವಾಗುತ್ತವಂತೆ. ಒಂದೊಂದೇ ತಟ್ಟೆಗೆ ಉರಿ ಎಬ್ಬಿಸುವ ಔಷಧಿ ಹಾಕುತ್ತ ಬಂದ ಅತ್ತೆ ಕೊನೆಯದನ್ನು ಬಿಟ್ಟಳು.

"ಇದಕ್ಕ, ಅತ್ತಿ?"

"ಹೋಲಿಸಿ ನೋಡಾಕ ಒಂದು ಹಂಗ ಬಿಡಬೇಕವಾ."

ಉಳಿದ ತಟ್ಟೆಗಳ ಮೇಲೆ ಬರೀ ನಂಬರುಗಳಿದ್ದವು. ಇದರ ಮೇಲೆ ನನ್ನ ಮಗಳ ಹೆಸರಿತ್ತು.

ಆ ತಟ್ಟೆಯನ್ನು ಬೆಚ್ಚನೆಯ ಪೆಟ್ಟಿಗೆಯೊಳಗಿಟ್ಟು, "ಬಾಗಲಾ ಸಾವಕಾಶ ಹಾಕು" ಎಂದಳು ಅತ್ತೆ. "ಮಲಗ್ಯಾಳ."