ಕಾರಿಗೊಂದು ಬೇರೆ ಸ್ಲಾಬು

ಸುಲಭವಾದ ವಿಷಯವನ್ನು ದೊಡ್ಡ ಪದಗಳಲ್ಲಿ ಹೇಳಿದರೆ ಎದುರಿಗಿದ್ದವರು ಪ್ರಶ್ನೆ ಕೇಳದೆ ತಲೆ ಆಡಿಸುತ್ತಾರೆ. ಇದು ನಾನು ಆಫೀಸಿನ ಮೀಟಿಂಗುಗಳಲ್ಲಿ ಕೂತು ಕೂತು ಕಲಿತ ವಿದ್ಯೆ. ಎಲೆಕ್ಟ್ರಿಕ್ ಕಾರಿಗೆ ಹೆಂಡತಿ ಸುಧಾಳನ್ನು ಒಪ್ಪಿಸಿದ್ದೂ ಈ ವಿದ್ಯೆಯಿಂದಲೇ. "ಮನೆಯಲ್ಲೇ ಚಾರ್ಜ್ ಮಾಡೋಣ, ಅಗ್ಗದ ದರದಲ್ಲಿ" ಎಂದು ಮಾತು ಕೊಟ್ಟಿದ್ದೆ. ಕಾರೇನೋ ಬಂತು. ಆದರೆ ಭಾನುವಾರವೆಲ್ಲ ಜಯನಗರದ ಚಾರ್ಜಿಂಗ್ ಪಾಯಿಂಟಿನಲ್ಲಿ ಗಂಡ ಹೆಂಡತಿ ಕಾರೊಳಗೆ ಕೂತು ಕಡಲೆಕಾಯಿ ಸುಲಿಯುವುದೇ ಆಯಿತು. "ರೀ, ಇನ್ನೊಂದ್ಸಲ ನನ್ನನ್ನ ಇಲ್ಲಿ ಕೂರಿಸಿದ್ರೆ ಕಾರು ಮಾರಿಬಿಡಿ, ಅಷ್ಟೇ" ಎಂದಳು ಸುಧಾ. ಅವಳು ಹಾಗೆಲ್ಲ ಸುಮ್ಮನೆ ಹೇಳುವವಳಲ್ಲ. ನನಗೆ ನಿಜವಾಗಿಯೂ ಭಯವಾಯಿತು.

ಅವತ್ತೇ ದರಪಟ್ಟಿಯ ಅಧ್ಯಯನಕ್ಕಿಳಿದೆ. ಮನೆ ಮೀಟರಿಗೇ ಕಾರು ಸಿಕ್ಕಿಸಿದರೆ ಬಿಟ್ಟಿ ಕರೆಂಟಿನ ಮಿತಿ ದಾಟಿ, ಕಾರಿನ ಜೊತೆಗೆ ಮಿಕ್ಸಿಯ ಬಿಲ್ಲನ್ನೂ ಕಟ್ಟಬೇಕು. ಕಾರಿಗೇ ಬೇರೆ ಮೀಟರ್ ಹಾಕಿಸಿದರೆ ಅದರ ದರವೇ ಬೇರೆ, ದರಪಟ್ಟಿಯ ಭಾಷೆಯಲ್ಲಿ ಬೇರೆ 'ಸ್ಲಾಬು', ಮನೆಯ ಲೆಕ್ಕ ಮನೆಗೆ. ಅದೇ ಸರಿ ಎಂದು ತೀರ್ಮಾನಿಸಿದೆ. ಬಾಡಿಗೆ ಮನೆಯಾದ್ದರಿಂದ ಓನರ್ ಮುನಿರಾಜಣ್ಣ ಒಪ್ಪಬೇಕಿತ್ತು. ಜೆ.ಪಿ. ನಗರದಲ್ಲಿ ತಾವು ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈಗ ಮಹಡಿಗಳನ್ನು ಬೆಳೆಯುತ್ತಿರುವ ಮನುಷ್ಯ ಅವರು. ಫೋನ್ ಮಾಡಿದೆ. ಬರೀ 'ಮೀಟರ್' ಅಂದರೆ ನನ್ನ ಅಧ್ಯಯನಕ್ಕೆ ಏನು ಬೆಲೆ?

"ಮುನಿರಾಜಣ್ಣ, ಈಗಿರೋದ್ರಲ್ಲಿ ಲೋಡ್ ಜಾಸ್ತಿ ಆಗುತ್ತೆ. ಕಾರಿಗೆ ಬೇರೆ ಸ್ಲಾಬೇ ಬೇಕು" ಎಂದೆ.

"ನೀವು ಹೇಳೋದು ಸರೀನೇ ಸಾರ್. ನಂಗೂ ತಲೇಲಿತ್ತು. ಹಾಕ್ಸೇಬಿಡೋಣ" ಎಂದರು.

ಇಷ್ಟು ಬೇಗ ಅರ್ಥ ಮಾಡಿಕೊಳ್ಳುವ ಓನರ್ ಊರಲ್ಲಿ ಎಷ್ಟು ಜನಕ್ಕಿದ್ದಾರೆ ಹೇಳಿ! "ನೋಡಿದ್ಯಾ?" ಎಂದು ಸುಧಾಳ ಮುಂದೆ ಬೀಗಿ, ನಾದಿನಿಯ ಮಗುವಿನ ನಾಮಕರಣಕ್ಕೆ ಅವಳನ್ನೂ ಕರೆದುಕೊಂಡು ನಿಶ್ಚಿಂತೆಯಿಂದ ವಾರದ ಮಟ್ಟಿಗೆ ಮೈಸೂರಿಗೆ ಹೋದೆ.

ವಾಪಸ್ ಬಂದರೆ ನಾವು ಕಾರು ನಿಲ್ಲಿಸುವ ಬಯಲು ಜಾಗದ ತುಂಬ ಸೆಂಟ್ರಿಂಗ್ ಕಂಬಗಳು! ಮೇಲೆ ತಾರಸಿ ಹಾಕಲು ಹಲಗೆ, ಕಬ್ಬಿಣ. ಗೇಟಿನಲ್ಲಿ ಜಲ್ಲಿ ಕಲಸುವ ಮಿಷನ್ನು, ಪಕ್ಕದಲ್ಲಿ ಗಾರೆ ಮೇಸ್ತ್ರಿ. ಮುನಿರಾಜಣ್ಣ ಹೊಸ ಪಂಚೆಯುಟ್ಟು ತೆಂಗಿನಕಾಯಿ ಹಿಡಿದು ನಿಂತಿದ್ದರು. "ಒಳ್ಳೆ ಟೈಮಿಗೆ ಬಂದ್ರಿ ಸಾರ್! ಸ್ಲಾಬ್ ಐಡಿಯಾ ನಿಮ್ದು, ಕಾಯಿ ನೀವೇ ಒಡೀರಿ."

ಸುಧಾ ನನ್ನ ಮುಖ ನೋಡಿದಳು. "ಇದೇನ್ರೀ ನಿಮ್ಮ ಅಗ್ಗದ ದರ?"

ನಾನು ಬೆವರು ಒರೆಸಿಕೊಂಡು, ನನ್ನದು ಕರೆಂಟಿನ ಸ್ಲಾಬು, ಅಂದರೆ ಕಾರಿಗೆ ಬೇರೆ ಮೀಟರು, ಎಂದು ಮೊದಲ ಸಲ ಬಿಡಿಸಿ ಹೇಳಿದೆ. ಮುನಿರಾಜಣ್ಣ ಕಣ್ಣರಳಿಸಿದರು. "ಮೀಟರಾ? ಅಯ್ಯೋ, ಅಷ್ಟೇನಾ! ಮೀಟರ್ ಅಂದಿದ್ರೆ ಅವತ್ತೇ ಸೈನ್ ಹಾಕ್ತಿದ್ನಲ್ಲ ಸಾರ್. ಇರ್ಲಿ, ಮೇಲೊಂದು ರೂಮ್ ಆಗುತ್ತೆ, ನಂಗೇನೂ ಲಾಸಿಲ್ಲ. ಮೊದ್ಲು ಕಾಯಿ ಒಡೀರಿ!"

ಒಡೆದೆ. ಇನ್ನೇನು ಮಾಡಲಿ?

ಕಂಬ ಬಿಚ್ಚುವವರೆಗೆ ಕಾರು ರಸ್ತೆಯಲ್ಲೇ ನಿಂತಿತ್ತು. ಆಮೇಲೆ ಮೀಟರೂ ಬಂತು, ದರವೂ ನಾನು ಹೇಳಿದಂತೆಯೇ ಇದೆ. ಲೆಕ್ಕದಲ್ಲಿ ನಾನೆಂದೂ ತಪ್ಪಿದವನಲ್ಲ. ಕಾರು ಕೊಂಡ ಅಕ್ಕಪಕ್ಕದವರು ಸಲಹೆ ಕೇಳಲು ಈಗಲೂ ನನ್ನ ಹತ್ತಿರವೇ ಬರುತ್ತಾರೆ. ಸುಧಾ ಅವರಿಗೆಲ್ಲ ಕಾಫಿ ಕೊಟ್ಟು ಹೇಳುವುದು ಒಂದೇ ಮಾತು: "ಇವ್ರು ಹೇಳೋದೆಲ್ಲ ಸರಿಯಾಗೇ ಇರುತ್ತೆ. ಮೇಸ್ತ್ರಿ ಕಿವಿಗೆ ಮಾತ್ರ ಬೀಳದ ಹಾಗೆ ನೋಡ್ಕೊಳಿ."